ತಾಂಬೂಲಕ್ಕೆ ರಸೀದಿ

ನಮ್ಮೂರಿನ ಓಲಗದ ಮುನಿಶಾಮಪ್ಪ ತನ್ನ ವರ್ಷದ ದುಡಿಮೆಯನ್ನೆಲ್ಲ ಮರೆಮಾಚದೆ ಬರೆದು ತೆರಿಗೆ ಕಚೇರಿಗೆ ಕೊಟ್ಟ. ದೇವರ ಮುಂದೆ ನಾಗಸ್ವರ ಊದುವ ಬಾಯಿ ಸುಳ್ಳು ಹೇಳಬಾರದು ಎಂಬುದು ಅವನ ನೇಮ.

ಅಲ್ಲಿನ ಸಾಹೇಬರು ಕನ್ನಡಕ ಏರಿಸಿದರು. "ಇಷ್ಟೇ ಬಂತು ಅನ್ನೋದಕ್ಕೆ ಸಾಕ್ಷಿ ಏನಯ್ಯ? ಕೊಟ್ಟ ಒಬ್ಬೊಬ್ಬರಿಂದಲೂ ಕಾಗದ ಬರೆಸಿಕೊಂಡು ಬಾ. ಇಲ್ಲದಿದ್ದರೆ ಸುಳ್ಳು ಲೆಕ್ಕ ಅಂತ ದಂಡ ಹಾಕ್ತೀನಿ."

"ಮದುವೆ ಮನೇಲಿ ತಾಂಬೂಲದ ಜೊತೆ ಇಟ್ಟು ಕೊಡ್ತಾರೆ ಸ್ವಾಮಿ. ಅದಕ್ಕೆ ಕಾಗದ ಹೇಗೆ ಕೇಳೋದು?"

"ಬಾಯಿಬಿಟ್ಟು ಕೇಳಬೇಕು!"

"ಆಗಲಿ ಸ್ವಾಮಿ, ಕೇಳ್ತೀನಿ," ಎಂದು ಕೈಮುಗಿದು ಬಂದ.

ಆ ವಾರವೇ ಸಾಹೇಬರ ಮಗಳ ಮದುವೆ. ಓಲಗ ಮುನಿಶಾಮಪ್ಪನದು, ಗೊತ್ತುಮಾಡಿದ್ದವರು ಸಾಹೇಬರ ಹೆಂಡತಿ. ಧಾರೆ ಮುಗಿಯಿತು. ಆ ತಾಯಿ ಎಲೆ, ಅಡಿಕೆ, ತೆಂಗಿನಕಾಯಿಯ ಜೊತೆ ದುಡ್ಡಿಟ್ಟು ತಟ್ಟೆ ನೀಡಿದರು. ಮುನಿಶಾಮಪ್ಪ ಕಣ್ಣಿಗೊತ್ತಿಕೊಂಡು, "ಅಮ್ಮಾ, ಇಷ್ಟು ಕೊಟ್ಟೆವು ಅಂತ ಒಂದು ಕಾಗದ ಬರೆದು ರುಜು ಹಾಕಿಕೊಡಿ," ಎಂದ.

ಆಕೆ ಗಲ್ಲಕ್ಕೆ ಕೈಯಿಟ್ಟರು. "ಶಿವನೇ! ಶುಭಕಾರ್ಯದಲ್ಲಿ ತಾಂಬೂಲಕ್ಕೆ ರಸೀದಿಯೇ? ಇದೇನು ಸೌದೆ ಡಿಪೋನೇ? ಯಾವ ಪುಣ್ಯಾತ್ಮ ಇದನ್ನ ನಿಮಗೆ ಹೇಳಿಕೊಟ್ಟಿದ್ದು?"

ಮುನಿಶಾಮಪ್ಪ ಪಕ್ಕದಲ್ಲಿದ್ದ ಸಾಹೇಬರನ್ನು ಭಕ್ತಿಯಿಂದ ನೋಡಿದ. ಸಾಹೇಬರು ಚಪ್ಪರದ ಮಾವಿನೆಲೆಗಳನ್ನು ನೋಡತೊಡಗಿದರು.

"ಓಹೋ, ನೀವೇನಾ?" ಎಂದರು ಹೆಂಡತಿ.

ಸಾಹೇಬರಿಗೇ ನಗು ಬಂತು. "ಹೋಗಲಿ ಮುನಿಶಾಮಪ್ಪನವರೇ, ನೀವು ಬರೆದುಕೊಟ್ಟ ಲೆಕ್ಕವೇ ಸಾಕು. ಒಪ್ಪಿಕೊಂಡೆ."

"ದೊಡ್ಡ ಮಾತು ಸ್ವಾಮಿ. ಹಾಗಾದರೆ ಇದನ್ನೂ ನಾನೇ ಬರಕೋತೀನಿ," ಎಂದು ಮುನಿಶಾಮಪ್ಪ ತಾಂಬೂಲವನ್ನು ಹೆಗಲ ಮೇಲಿನ ವಲ್ಲಿಯಲ್ಲಿ ಕಟ್ಟಿಕೊಂಡ.