ಹೊಟ್ಟೆ ಒತ್ತಿ ನೋಡಿದ ಅಳಿಯ

ಹಸಿದಿದ್ದರೆ ಈ ಕತೆ ಕೇಳಬೇಡಿ, ಮೊದಲು ಉಂಡು ಬನ್ನಿ. ಇದು ಬಚ್ಚಮ್ಮನ ಮೀನಂಗಡಿಯ ಕತೆ. ಕತೆಯ ನಡುವೆ ಬಾಯಲ್ಲಿ ನೀರೂರಿದರೆ ನನ್ನನ್ನು ಬಯ್ಯಬೇಡಿ.

ಕುಂದಾಪುರ ದಾಟಿ ಮುಂದೆ ಹೋದರೆ ಹೆದ್ದಾರಿಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಹೊಳೆ ಸಿಗುವ ಜಾಗ. ಅಲ್ಲಿ ಬಚ್ಚಮ್ಮನ ಟಾರ್ಪಾಲಿನ ಅಂಗಡಿ. ಎರಡು ಬೆಂಚು, ಒಂದು ಒಲೆ, ಒಂದು ಕಾವಲಿ. ಆದರೆ ಆ ಕಾವಲಿಯ ಮೇಲೆ ಮಸಾಲೆ ಹಚ್ಚಿದ ಬಂಗುಡೆ ಚುಂಯ್ ಅಂದಿತೋ, ಲಾರಿಯವರ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತಿತ್ತು. ಕಾರಿನಲ್ಲಿ ಬಂದ ದೊಡ್ಡ ಮನುಷ್ಯರೂ ಅಂಗಿಯ ತೋಳು ಮಡಚಿ ಬೆಂಚಿನ ಮೇಲೆ ಕೂರುತ್ತಿದ್ದರು. ಎಂಥಾ ಕೈ ಅದು, ಎಂಥಾ ಮಸಾಲೆ! ಹೊಗಳುವುದಕ್ಕೆ ಬಾಯಿ ಖಾಲಿ ಇರಬೇಕಲ್ಲ, ಆದ್ದರಿಂದ ಯಾರೂ ಹೊಗಳುತ್ತಿರಲಿಲ್ಲ, ತಿನ್ನುತ್ತಿದ್ದರು.

ಬಚ್ಚಮ್ಮನಿಗೆ ಒಬ್ಬನೇ ಮಗ, ಕುಷ್ಟ. ಆಳು ಬಾಗಿಲೆತ್ತರ, ಮನಸ್ಸು ಹಾಲಿನಷ್ಟು ಬಿಳಿ. ಹೇಳಿದ ಕೆಲಸಕ್ಕೆ ಒಲ್ಲೆ ಎಂದವನಲ್ಲ. ಹೇಳಿದ್ದನ್ನು ಹೇಳಿದ ಹಾಗೆ ಮಾಡುವುದೇ ಅವನ ತೊಂದರೆ. ಹೊಗೆಯಿಂದ ಬಚ್ಚಮ್ಮನ ಕಣ್ಣು ಮಂಜಾಗುತ್ತ ಬಂದಿತ್ತು. ನನ್ನ ನಂತರ ಈ ಕಾವಲಿಯನ್ನೂ ಈ ಮಗನನ್ನೂ ಯಾರು ನೋಡಿಕೊಳ್ಳುತ್ತಾರೆ ಎಂಬ ಚಿಂತೆ ಅವಳನ್ನು ತಿನ್ನುತ್ತಿತ್ತು.

ಒಂದು ದಿನ ಹೊಳೆಬದಿಯಿಂದ ಏಡಿ ತರಲು ಅವನನ್ನು ಕಳಿಸಿದಳು. ಕುಷ್ಟ ಹೂಂ ಅಂದ. ಜೀವಂತ ಏಡಿಗಳನ್ನು ತೆರೆದ ಬುಟ್ಟಿಯಲ್ಲಿ ಹಾಕಿಕೊಂಡು ಹೊರಟ. ದಾರಿಯಲ್ಲಿ ಒಂದೊಂದಾಗಿ ಬುಟ್ಟಿಯ ಅಂಚಿಗೆ ಬಂದವು, ಒಂದೊಂದಾಗಿ ಇಳಿದವು, ಒಂದೊಂದಾಗಿ ಹೊಳೆಗೆ ನಡೆದವು. ಕುಷ್ಟ ಖಾಲಿ ಬುಟ್ಟಿಯನ್ನು ಜೋಪಾನವಾಗಿ ಮನೆಗೆ ತಂದ. ಏಡಿ ಎಲ್ಲಿ ಎಂದು ಕೇಳಿದರೆ, ಅವು ಮನೆಗೆ ಹೋದವು, ತಡೆ ಎಂದು ನೀನು ಹೇಳಿರಲಿಲ್ಲ ಎಂದ.

ಬಚ್ಚಮ್ಮ ಹಣೆ ಚಚ್ಚಿಕೊಂಡಳು. ಹಾಗಲ್ಲ ಮಗಾ, ತರುವಾಗ ಕೈಕಾಲು ಹಗ್ಗದಲ್ಲಿ ಬಿಗಿದು, ಒದ್ದೆ ಗೋಣಿ ಹೊದಿಸಿ ತರಬೇಕು ಎಂದಳು.

ಕುಷ್ಟ ಹೂಂ ಅಂದ. ಅವನು ಹೂಂ ಅಂದರೆ ಮುಗಿಯಿತು, ಅದು ಕಲ್ಲಿನಲ್ಲಿ ಕೊರೆದ ಹಾಗೆ.

ಮರುದಿನ ಬಂಗುಡೆ ತರಲು ದಡಕ್ಕೆ ಕಳಿಸಿದಳು. ದೋಣಿಯಿಂದ ಆಗಷ್ಟೇ ಇಳಿದ ಮೀನು, ಬೆಳ್ಳಿಯ ಹಾಗೆ ಮಿಂಚುತ್ತಿತ್ತು. ಕುಷ್ಟ ಮರಳಿನ ಮೇಲೆ ಕೂತು ಕತ್ತದ ಹಗ್ಗ ಬಿಡಿಸಿದ. ಮೀನಿಗೆ ಕೈಯಿಲ್ಲ, ಕಾಲಿಲ್ಲ. ಇದ್ದಿದ್ದರೆ ಎಲ್ಲಿರುತ್ತಿತ್ತು ಎಂದು ಯೋಚಿಸಿ ಯೋಚಿಸಿ ಅಲ್ಲಲ್ಲಿಗೆ ಗಂಟು ಹಾಕಿದ. ಒಂದಕ್ಕೆ ಕಟ್ಟಿದ, ಇನ್ನೊಂದಕ್ಕೆ ಕಟ್ಟಿದ, ಮತ್ತೊಂದಕ್ಕೆ ಕಟ್ಟಿದ. ಏನು ಅಚ್ಚುಕಟ್ಟು, ಏನು ಸಹನೆ! ನೋಡಿದವರು ನಕ್ಕರೂ ಆ ಗಂಟುಗಳನ್ನು ಮೆಚ್ಚದೆ ಇರಲಿಲ್ಲ. ಕಟ್ಟಿ ಮುಗಿಸುವಾಗ ಬಿಸಿಲು ನೆತ್ತಿಗೇರಿತ್ತು, ಮೀನು ನಾರುತ್ತಿತ್ತು.

ಹಳತಾದ ಮೀನನ್ನು ಬಚ್ಚಮ್ಮ ಯಾರಿಗೂ ಬಡಿಸುವವಳಲ್ಲ. ಎಲ್ಲವನ್ನೂ ತೆಂಗಿನ ಬುಡಕ್ಕೆ ಹಾಕಿದಳು. ಅವತ್ತು ಕಾವಲಿ ತಣ್ಣಗೆ ಕೂತಿತು, ಬಂದವರು ಹಸಿದುಕೊಂಡೇ ಹೋದರು. ಅವಳು ಮಗನನ್ನು ಎದುರಿಗೆ ಕೂರಿಸಿಕೊಂಡು ತಾಜಾ ಮೀನು ಆರಿಸುವುದನ್ನು ಹೇಳಿಕೊಟ್ಟಳು.

"ಕಣ್ಣ್ ಕಾಣ್, ಹೊಳೀತಾ ಇರ್ಕ್. ಕಿವಿರ್ ಎತ್ತಿ ಕಾಣ್, ಕೆಂಪಿರ್ಕ್. ಹೊಟ್ಟಿ ಒತ್ತಿ ಕಾಣ್. ಗುಂಡಿ ಬಿದ್ರೆ ಅಲ್ಲೇ ಬಿಟ್ಟಿಕ್ ಬಾ. ಬೀಳ್ದಿದ್ರೆ ತಡ ಮಾಡ್ಬೇಡ, ತಂದ್ ಮಸಾಲೆ ಹಚ್, ಕಾವ್ಲಿಗ್ ಹಾಕ್. ತಿಳೀತಾ?"

ಕುಷ್ಟ ಹೂಂ ಅಂದ.

ಅದಾಗಿ ಕೆಲವೇ ದಿನಕ್ಕೆ ಬಚ್ಚಮ್ಮನ ಭಾಗ್ಯ ಬಾಗಿಲಿಗೆ ಬಂತು. ಬೈಂದೂರಿನ ತೇಜಪ್ಪ ಮೊಗವೀರರ ಮಗಳು ಜಲಜ ಒಮ್ಮೆ ಈ ಅಂಗಡಿಯಲ್ಲಿ ಉಂಡಿದ್ದಳು. ಊಟವನ್ನೂ ಮೆಚ್ಚಿದ್ದಳು, ಹುಡುಗನನ್ನೂ ಮೆಚ್ಚಿದ್ದಳು. ಹೇಳಿದ್ದನ್ನು ಕೇಳುವ ಗಂಡ ಬೇರೆಲ್ಲಿ ಸಿಗುತ್ತಾನೆ, ಹೇಳುವುದನ್ನು ಸರಿಯಾಗಿ ಹೇಳಲು ನಾನಿದ್ದೇನೆ ಎಂದು ಅಪ್ಪನ ಹತ್ತಿರ ಹೇಳಿದ್ದಳು. ಎಂಥಾ ಜಾಣೆ ನೋಡಿ! ಅಪ್ಪ ಒಪ್ಪುವುದೊಂದೇ ಬಾಕಿ. ಹುಡುಗನನ್ನು ನೋಡಲು ಅವರು ಬಸ್ಸಿನಲ್ಲಿ ಬರುವವರಿದ್ದರು. ಬಚ್ಚಮ್ಮನ ಮೀನಿನ ಸುದ್ದಿ ಕೇಳಿ ಬೆಳಗಿನಿಂದ ಒಂದು ಲೋಟ ಚಹಾವನ್ನೂ ಕುಡಿಯದೆ, ಹೊಟ್ಟೆ ಖಾಲಿ ಇಟ್ಟುಕೊಂಡು ಹೊರಟಿದ್ದರು.

ಬಿಳಿ ಮೀಸೆ, ಹಸಿರು ಶಾಲು, ಸರಿಯಾಗಿ ನೋಡಿ ಕರೆದುಕೊಂಡು ಬಾ ಎಂದು ಬಚ್ಚಮ್ಮ ಮಗನನ್ನು ಬಸ್ ಸ್ಟಾಪಿಗೆ ಕಳಿಸಿದಳು. ಸ್ವಲ್ಪ ಹೊತ್ತಿಗೆ ಅವನು ಒಬ್ಬನೇ ಬಂದ.

"ಅವ್ರೆಲ್ಲಿ ಮಗಾ?"

"ಬಿಟ್ಟಿಕ್ ಬಂದೆ ಅಮ್ಮ. ಕಣ್ಣ್ ಕಂಡೆ, ಮಂಜ್ ಮಂಜ್. ಕಿವಿ ಎತ್ತಿ ಕಂಡೆ, ಕೆಂಪೇ ಇಲ್ಲ. ಹೊಟ್ಟಿ ಒತ್ತಿದೆ, ಇಷ್ಟ್ ದೊಡ್ಡ ಗುಂಡಿ ಬಿತ್ತ್. ಆ ಮಾವ ಹಳತು."

ಬಚ್ಚಮ್ಮ ಸೌಟು ಕೈಯಲ್ಲಿ ಹಿಡಿದುಕೊಂಡೇ ಓಡಿದಳು. ತೇಜಪ್ಪನವರು ವಾಪಸು ಹೋಗುವ ಬಸ್ಸಿಗೆ ಕೈ ತೋರಿಸುತ್ತಿದ್ದರು. ಸಿಟ್ಟಿನಲ್ಲಿ ಮೀಸೆ ಅದುರುತ್ತಿತ್ತು, ಕುಷ್ಟ ಎತ್ತಿ ನೋಡಿದ ಕಿವಿ ಮಾತ್ರ ಈಗ ಚೆನ್ನಾಗಿ ಕೆಂಪಾಗಿತ್ತು. ಅವಳು ಕೈಮುಗಿದಳು. ಸಂಬಂಧ ಬೇಡವೆಂದರೆ ಬೇಡ, ನನ್ನ ಅಂಗಡಿಯವರೆಗೆ ಬಂದವರು ಹಸಿದು ಹೋಗಬಾರದು ಎಂದಳು. ಆಗ ಗಾಳಿ ತಿರುಗಿತು. ಕಾವಲಿಯ ಪರಿಮಳ ಅಷ್ಟು ದೂರ ಬಂದು ತೇಜಪ್ಪನವರ ಮೂಗು ಹಿಡಿಯಿತು. ಮೂಗು ಹೋದ ಕಡೆ ಅವರೂ ನಡೆದರು.

ಕುಚ್ಚಲಕ್ಕಿ ಅನ್ನ, ಮೇಲೆ ಮೀನಿನ ಸಾರು, ಬದಿಗೆ ತೆಂಗಿನೆಣ್ಣೆಯಲ್ಲಿ ಗರಿಗರಿಯಾದ ಬಂಗುಡೆ, ತೆಂಗಿನ ತುರಿಯಲ್ಲಿ ಹೊರಳಿದ ಸಿಗಡಿ. ಮೊದಲ ತುತ್ತಿಗೆ ತೇಜಪ್ಪನವರ ಹುಬ್ಬು ಸಡಿಲವಾಯಿತು. ಮತ್ತೊಂದು ತುತ್ತಿಗೆ ಸಿಟ್ಟು ಇಳಿಯಿತು. ಮುಳ್ಳು ಚೀಪುವ ಹೊತ್ತಿಗೆ ಯಾಕೆ ಸಿಟ್ಟು ಬಂದಿತ್ತೆಂಬುದೇ ಮರೆತುಹೋಯಿತು. ಆದರೂ ಮಗಳ ಬಾಳಿನ ಪ್ರಶ್ನೆಯಲ್ಲವೇ, ಕೈ ತೊಳೆದು ಕೂತು ಯೋಚಿಸಿದರು.

ಕುಷ್ಟ ಮೆಲ್ಲಗೆ ಹತ್ತಿರ ಬಂದ. ಅವರ ಕಣ್ಣು ನೋಡಿದ, ಹೊಳೆಯುತ್ತಿತ್ತು. ಕಿವಿ ಎತ್ತಿದ, ಕೆಂಪಗಿತ್ತು. ಹೊಟ್ಟೆ ಒತ್ತಿದ. ತಾಯಿಯ ಅಡುಗೆ ತುಂಬಿದ ಹೊಟ್ಟೆ, ಗುಂಡಿ ಎಲ್ಲಿಂದ ಬೀಳಬೇಕು? ಕುಷ್ಟನ ಮುಖ ಅರಳಿತು.

"ಅಮ್ಮಾ, ಈ ಮಾವ ಈಗ ತಾಜಾ!"

ತಡ ಮಾಡಬೇಡ ಎಂದಿದ್ದಳಲ್ಲ, ತಡ ಮಾಡಲಿಲ್ಲ. ಮಸಾಲೆಯ ಪಾತ್ರೆಗೆ ಕೈ ಅದ್ದಿ ತೇಜಪ್ಪನವರ ಎರಡು ಕೆನ್ನೆಗೂ, ಹಣೆಗೂ, ಬಿಳಿ ಮೀಸೆಗೂ ಒಂದಿಂಚು ಬಿಡದೆ ಹಚ್ಚಿದ. ಬಚ್ಚಮ್ಮ ಕಣ್ಣು ಮುಚ್ಚಿಕೊಂಡಳು.

ತೇಜಪ್ಪನವರು ಮೀಸೆಯ ತುದಿಯನ್ನು ನಾಲಿಗೆಯಿಂದ ಮುಟ್ಟಿದರು. ಚಪ್ಪರಿಸಿದರು. ಇನ್ನೊಮ್ಮೆ ಮುಟ್ಟಿದರು.

"ಹುಳಿ, ಉಪ್ಪು, ಖಾರ ಎಲ್ಲ ಸಮ ಇತ್ತ್," ಎಂದರು. "ಮಾವನನ್ನೇ ಇಷ್ಟ್ ಕಂಡ್ ತಕೊಂಬವ ನನ್ ಮಗ್ಳಿಗೆ ಹಳತ್ ಉಣ್ಸುದಿಲ್ಲ. ಹೆಣ್ಣ್ ಕೊಟ್ಟೆ ಬಚ್ಚಮ್ಮ."

ಬೆಂಚಿನಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಕುಷ್ಟ ಮಾವನನ್ನು ಎರಡೂ ತೋಳಿನಲ್ಲಿ ಮಗುವಿನ ಹಾಗೆ ಎತ್ತಿಕೊಂಡ. ಪ್ರೀತಿಗೆ ಎತ್ತಿಕೊಂಡ ಎಂದು ಅವರೆಲ್ಲ ಇನ್ನೂ ಜೋರಾಗಿ ತಟ್ಟಿದರು. ಬಚ್ಚಮ್ಮನಿಗೆ ಮಾತ್ರ ತಾನು ಹೇಳಿದ ಬುದ್ಧಿಮಾತಿನ ಕೊನೆಯ ತುಂಡು ನೆನಪಾಯಿತು. ಅವಳು ಕೊಡಪಾನ ಎತ್ತಿಕೊಂಡು ಓಡಿ ಹೋಗಿ, ಕಾವಲಿಯ ಕೆಳಗಿನ ಬೆಂಕಿಗೆ ನೀರು ಸುರಿದಳು.