ಗಟ್ಟಿಮೇಳಕ್ಕೆ ಉಳಿಸಿದ ಉಸಿರು

ಚಿಂತಾಮಣಿಯಲ್ಲಿ ಆಂಜಿನಪ್ಪ ಅಂತ ಒಬ್ಬ ನಾದಸ್ವರದವನಿದ್ದ. ಮದುವೆ, ಮುಂಜಿ, ಗೃಹಪ್ರವೇಶ, ಯಾವುದಕ್ಕೆ ಕರೆದರೂ ಸೈ. ಅವನ ಮೇಳದಲ್ಲಿ ಡೋಲಿನವರು ಇಬ್ಬರು, ಶ್ರುತಿ ಹಿಡಿಯುವವನು ಒಬ್ಬ. ಆಂಜಿನಪ್ಪ ಊದಲು ಕೂತನೆಂದರೆ ಅಡುಗೆ ಭಟ್ಟರೂ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು.

ಅವನಿಗಿದ್ದ ಆಸೆ ಒಂದೇ, ಒಂದು ಸೆಕೆಂಡ್ ಹ್ಯಾಂಡ್ ವ್ಯಾನ್ ತಗೋಬೇಕು. ಡೋಲನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಎಷ್ಟು ದೂರ ಅಂತ ಹೋಗೋದು? ದೂರದ ಮದುವೆಗಳೆಲ್ಲ ಕೈತಪ್ಪುತ್ತಿದ್ದವು. ಹೀಗೇ ಆದರೆ ಬೇರೆ ಮೇಳ ನೋಡಿಕೊಳ್ಳಬೇಕಾಗುತ್ತೆ ಅಂತ ಡೋಲಿನವರು ಆಗಲೇ ಗೊಣಗಲು ಶುರು ಮಾಡಿದ್ದರು. ವ್ಯಾನ್ ಬಂದರೆ ಮೇಳ ಉಳಿಯುತ್ತೆ. ವ್ಯಾನ್ ಬರಬೇಕಾದರೆ ಬ್ಯಾಂಕಿನ ಸಾಲ ಸಿಗಬೇಕು.

ಸಿಕ್ಕೇ ಸಿಗುತ್ತೆ ಅಂತ ಆಂಜಿನಪ್ಪನಿಗೆ ಭಂಡ ಧೈರ್ಯ. ಯಾಕೆಂದರೆ ಅವನ ಜೇಬಿನಲ್ಲಿ ಒಂದು ಲಕ್ಷದ ಲಿಮಿಟ್ ಇರುವ ಕ್ರೆಡಿಟ್ ಕಾರ್ಡ್ ಇತ್ತು. "ಕೊಟ್ಟಿರೋದು ಯಾತಕ್ಕೆ? ಉಜ್ಜೋದಕ್ಕೆ!" ಅನ್ನುತ್ತಿದ್ದ. ಭಾವಮೈದನ ಫ್ರಿಜ್ಜು, ಪಕ್ಕದ ಮನೆಯವರ ಟಿವಿ, ಡೋಲಿನವನ ಹೆಂಡತಿಯ ಹೊಲಿಗೆ ಮಿಷನ್ನು, ಎಲ್ಲ ಇವನ ಕಾರ್ಡಿನಲ್ಲೇ. ಅವರು ಇವನ ಕೈಗೆ ದುಡ್ಡು ಕೊಡುತ್ತಿದ್ದರು, ಇವನು ಗಡುವಿನೊಳಗೆ ಪೂರ್ತಿ ಕಟ್ಟುತ್ತಿದ್ದ. ಕಾರ್ಡ್ ಉಜ್ಜಿದ್ದಕ್ಕೆ ಸಿಗುವ ಪಾಯಿಂಟ್ಸ್ ಮಾತ್ರ ಇವನಿಗೆ! ಪ್ರತಿ ತಿಂಗಳೂ ಲಿಮಿಟ್ಟಿನ ತಳ ಕೆರೆದೇ ಬಿಡುತ್ತಿದ್ದ. ಆದರೆ ಒಂದು ಪೈಸೆ ಬಡ್ಡಿ ಕಟ್ಟಿದವನಲ್ಲ ಮಹಾರಾಯ.

ಅಷ್ಟಕ್ಕೇ ಸುಮ್ಮನಿದ್ದನೇ? ಬಸ್ ಸ್ಟ್ಯಾಂಡ್ ಹತ್ತಿರ ಕೆಲವು ಹುಡುಗರು ಮೇಜು ಹಾಕಿಕೊಂಡು ಹೊಸ ಕಾರ್ಡ್‌ಗಳಿಗೆ ಅರ್ಜಿ ಬರೆಸುತ್ತಿದ್ದರು. ಅರ್ಜಿ ಹಾಕಿದವರಿಗೆ ಉಡುಗೊರೆ. ಆಂಜಿನಪ್ಪ ಸೋಮವಾರ ಒಂದು ಅರ್ಜಿ ಹಾಕಿ ಗೋಡೆ ಗಡಿಯಾರ ತಂದ. ಮಾರನೆಯ ದಿನ ಇನ್ನೊಂದು ಹಾಕಿ ಫ್ಲಾಸ್ಕ್ ತಂದ. ವಾರ ಮುಗಿಯುವಷ್ಟರಲ್ಲಿ ಮನೆಗೆ ಛತ್ರಿಯೂ ಬಂತು, ಚಕ್ರದ ಸೂಟ್‌ಕೇಸೂ ಬಂತು. "ಕಾರ್ಡ್ ಜಾಸ್ತಿ ಇದ್ದಷ್ಟೂ ಬ್ಯಾಂಕಲ್ಲಿ ಮರ್ಯಾದೆ ಜಾಸ್ತಿ ಕಣೇ," ಅಂತ ಹೆಂಡತಿ ನಾರಾಯಣಮ್ಮನ ಮುಂದೆ ಜಂಬ ಬೇರೆ ಕೊಚ್ಚಿಕೊಂಡ.

ಮರುವಾರ ಬ್ಯಾಂಕಿಗೆ ಹೋದ. ಸಾಲದ ಆಫೀಸರ್ ವಸುಂಧರಾ ಮೇಡಂ ಕಂಪ್ಯೂಟರ್ ನೋಡಿ ತಲೆಯಾಡಿಸಿದರು.

"ಈಗ ಆಗಲ್ಲ ಆಂಜಿನಪ್ಪನವರೇ. ನಿಮ್ಮ ಕ್ರೆಡಿಟ್ ಸ್ಕೋರ್ ಬಿದ್ದುಹೋಗಿದೆ. ಇರೋ ಲಿಮಿಟ್ಟೆಲ್ಲ ಬಳಸ್ತೀರ, ಅದರ ಮೇಲೆ ಒಂದೇ ವಾರದಲ್ಲಿ ಇಷ್ಟೊಂದು ಅರ್ಜಿ..."

"ಒಂದು ರೂಪಾಯಿ ಬಾಕಿ ಇಟ್ಟಿದೀನಾ ಮೇಡಂ?"

"ಇಟ್ಟಿಲ್ಲ. ಆದರೂ..."

ಆ 'ಆದರೂ' ಮುಗಿಯುವ ತನಕ ಕೇಳಲು ಆಂಜಿನಪ್ಪ ಅಲ್ಲಿದ್ದರೆ ತಾನೇ! ಧುಮುಗುಡುತ್ತಾ ಮನೆಗೆ ಬಂದ. ವಿಷಯ ಕೇಳಿದ ನಾರಾಯಣಮ್ಮ ಸೂಟ್‌ಕೇಸನ್ನು ಉರುಳಿಸಿಕೊಂಡು ಬಂದು ಅವನ ಮುಂದೆ ನಿಲ್ಲಿಸಿದಳು. "ತಗೊಳ್ಳಿ, ಇದಕ್ಕೂ ಚಕ್ರ ಇದೆ. ಮೇಳದವರೆಲ್ಲ ಇದರ ಮೇಲೇ ಕೂತ್ಕೊಂಡು ಹೋಗಿ."

ಮಾರನೆಯ ದಿನ ಶ್ರೀನಿವಾಸಪುರದಲ್ಲಿ ಮದುವೆ. ಆಂಜಿನಪ್ಪನ ಗುರುಗಳಾದ ಪಿಳ್ಳಪ್ಪ ಮೇಷ್ಟ್ರೂ ಬಂದಿದ್ದರು. ವಯಸ್ಸಾಗಿ ಅವರು ನುಡಿಸುವುದನ್ನು ಬಿಟ್ಟಿದ್ದರು, ಹಳೆಯ ನಾದಸ್ವರ ಮಾತ್ರ ಸದಾ ಜೊತೆಯಲ್ಲೇ ಇರುತ್ತಿತ್ತು. ಶಿಷ್ಯನ ಪಕ್ಕ ಕೂತು ಕೇಳುವುದನ್ನೂ ಹೋಳಿಗೆ ತಿನ್ನುವುದನ್ನೂ ಬಿಟ್ಟಿರಲಿಲ್ಲ.

ಆಂಜಿನಪ್ಪನಿಗೋ ಒಳಗೆಲ್ಲ ಕುದಿ. ಗಂಡಿನ ಮೆರವಣಿಗೆಯಲ್ಲಿ ಆ ಸಿಟ್ಟನ್ನೆಲ್ಲ ನಾದಸ್ವರಕ್ಕೆ ತುಂಬಿ ಊದಿದ. ಕುಣಿಯುತ್ತಿದ್ದವರು "ಒನ್ಸ್ ಮೋರ್!" ಅಂದರು, ಮತ್ತೆ ಊದಿದ. ಇನ್ನೊಂದು ಅಂದರು, ಇನ್ನೊಂದನ್ನೂ ಊದಿದ. ಮಂಟಪದ ಹತ್ತಿರ ಬರುವಷ್ಟರಲ್ಲಿ ಅಂಗಿ ಹಿಂಡಿದರೆ ನೀರು ಸುರಿಯುವ ಹಾಗಾಗಿತ್ತು.

ಮುಹೂರ್ತ ಬಂತು. ಗಂಡು ತಾಳಿ ಎತ್ತಿಕೊಂಡ. ಪುರೋಹಿತರು ಕೈಯೆತ್ತಿ ಕೂಗಿದರು, "ಗಟ್ಟಿಮೇಳ! ಗಟ್ಟಿಮೇಳ!"

ಡೋಲುಗಳು ದಡಬಡ ಶುರುವಾದವು. ಆಂಜಿನಪ್ಪನ ನಾದಸ್ವರದಿಂದ ಹೊರಟದ್ದು "ಪೀಂ..." ಅಷ್ಟೇ. ಅಯ್ಯೋ ದೇವರೇ, ಎದೆಯಲ್ಲಿ ಉಸಿರೇ ಇಲ್ಲ! ತಾಳಿ ಹಿಡಿದ ಗಂಡು ತಿರುಗಿ ನೋಡಿದ. ಹೆಣ್ಣಿನ ತಂದೆಯ ಮುಖ ಸಪ್ಪಗಾಯಿತು.

ಅಷ್ಟರಲ್ಲಿ ಪಕ್ಕದಿಂದ ಇನ್ನೊಂದು ನಾದಸ್ವರ ಮೊಳಗಿತು. ಪಿಳ್ಳಪ್ಪ ಮೇಷ್ಟ್ರು! ಆ ಮುದುಕರು ಊದಿದ ರಭಸಕ್ಕೆ ಇಡೀ ಛತ್ರ ತುಂಬಿಹೋಯಿತು. ಹೆಣ್ಣಿನ ಕೊರಳಿಗೆ ತಾಳಿ ಬಿತ್ತು, ಅಕ್ಷತೆ ಹಾರಿತು, ಹೆಣ್ಣಿನ ತಂದೆ ಕಣ್ಣೊರೆಸಿಕೊಂಡು ನಕ್ಕರು.

ಊಟಕ್ಕೆ ಕೂತಾಗ ಆಂಜಿನಪ್ಪ ತಲೆ ತಗ್ಗಿಸಿಕೊಂಡೇ ಕೇಳಿದ. "ಮೇಷ್ಟ್ರೇ, ಈ ವಯಸ್ಸಲ್ಲಿ ಅಷ್ಟು ಉಸಿರು ಎಲ್ಲಿಂದ ಬಂತು?"

"ನಿನ್ನ ಅರ್ಧದಷ್ಟು ಉಸಿರೂ ನನಗಿಲ್ಲ ಕಣೋ. ಆದರೆ ನಾನು ಖರ್ಚು ಮಾಡಿರಲಿಲ್ಲ. ಎದೆ ತುಂಬ ಇದೆ ಅಂತ ಮೆರವಣಿಗೇಲೇ ಎಲ್ಲಾ ಊದಿಬಿಟ್ಟರೆ, ನಿನ್ನ ನಂಬಿ ತಾಳಿ ಹಿಡಿದವನ ಗತಿ ಏನು? ಮುಂದಿನ ಮದುವೆಗೆ ನಿನ್ನ ಯಾರು ಕರೀತಾರೆ?"

ಹೋಳಿಗೆ ಬಾಯಿಗಿಡಲು ಹೋದ ಆಂಜಿನಪ್ಪನ ಕೈ ಅಲ್ಲೇ ನಿಂತಿತು. ಮೇಡಂ ಅವರ 'ಆದರೂ' ಇದೇ ಅಲ್ಲವೇ!

ಮರುದಿನ ಬ್ಯಾಂಕ್ ಬಾಗಿಲು ತೆಗೆಯುವ ಹೊತ್ತಿಗೆ ಅವನು ಅಲ್ಲಿದ್ದ. ಗಟ್ಟಿಮೇಳದ ಕಥೆ ಕೇಳಿ ವಸುಂಧರಾ ಮೇಡಂ ಗಲಗಲ ನಕ್ಕರು.

"ಅದೇ ರೀ ನಾನು ಹೇಳ್ತಿದ್ದದ್ದು! ಲಿಮಿಟ್ ಪೂರ್ತಿ ಬಳಸೋರನ್ನ ಕಂಡರೆ, ಇವರಿಗೆ ನಾಳೆ ಕಷ್ಟ ಬಂದರೆ ಉಳಿದಿರೋದೇನು ಅಂತ ಸಾಲ ಕೊಡೋರಿಗೆ ಅನುಮಾನ. ಮೂರರಲ್ಲಿ ಒಂದು ಪಾಲಿನೊಳಗೆ ಬಳಸಿ. ಒಂದರ ಹಿಂದೆ ಒಂದು ಅರ್ಜಿ ಹಾಕಿದರೂ ಅಷ್ಟೇ, ಇವರು ದುಡ್ಡಿಗೆ ಪರದಾಡ್ತಿದಾರೆ ಅನ್ಸುತ್ತೆ."

"ಹಾಗಾದ್ರೆ ಹೊಸ ಕಾರ್ಡೇ ತಗೋಬಾರದಾ?"

"ಯಾರು ಹೇಳಿದ್ದು? ನಿಜವಾಗಿ ಬೇಕಾದಾಗ ಒಂದು ತಗೊಳ್ಳಿ. ದೊಡ್ಡ ಸಾಲ ಕೇಳೋಕೆ ಮುಂಚೆ ಮಾತ್ರ ಬೇಡ."

ಆಂಜಿನಪ್ಪ ಡೋಲಿನವರಿಗೆ ಕೈಮುಗಿದು, ಇನ್ನೊಂದು ಸೀಸನ್ ತಾಳಿಕೊಳ್ಳಿ ಅಂದ. ಗೊಣಗುತ್ತಲೇ ಒಪ್ಪಿದರು. ಭಾವಮೈದ ವಾಷಿಂಗ್ ಮಿಷನ್ ಅಂತ ಹಲ್ಲು ಕಿರಿಯುತ್ತಾ ಬಂದಾಗ ಕಾಫಿ ಕೊಟ್ಟು ಕಳಿಸಿದ. ಬಸ್ ಸ್ಟ್ಯಾಂಡಿನ ಹುಡುಗರು ಮಿಕ್ಸಿ ತೋರಿಸಿ ಕರೆದರು. ಅವನು ನಾದಸ್ವರ ಎತ್ತಿ ಅವರಿಗೊಂದು ಮಂಗಳ ಊದಿ ಬಸ್ ಹತ್ತಿದ. ಈ ನಡುವೆ ಬ್ಯಾಂಕಿನವರೇ ಅವನ ಲಿಮಿಟ್ ಹೆಚ್ಚಿಸಿದರು. ಇವನು ಇಳಿಸಿಕೊಂಡಿದ್ದ ಖರ್ಚು ಮಾತ್ರ ಮತ್ತೆ ಏರಲಿಲ್ಲ.

ಮುಂದಿನ ಸೀಸನ್ ಶುರುವಾಗುವ ಮೊದಲೇ ಮೇಡಂ ಫೋನ್ ಮಾಡಿದರು. "ಸ್ಕೋರ್ ಮೇಲೆ ಬಂದಿದೆ. ಸಾಲ ಮಂಜೂರಾಗಿದೆ. ವ್ಯಾನ್ ನೋಡಿಕೊಳ್ಳಿ!" ಆಂಜಿನಪ್ಪ ನಡುಮನೆಯಲ್ಲೇ ಕುಣಿದುಬಿಟ್ಟ, ನಾರಾಯಣಮ್ಮ ನಗುತ್ತಲೇ ಕಣ್ಣೀರು ಒರೆಸಿಕೊಂಡಳು.

ಮೊದಲ ಪ್ರಯಾಣಕ್ಕೆ ವ್ಯಾನಿನ ತುಂಬ ಚೆಂಡುಹೂವಿನ ಹಾರ. ಹಿಂದೆ ಮೇಳದವರು, ಚಕ್ರದ ಸೂಟ್‌ಕೇಸಿನಲ್ಲಿ ಪಂಚೆ ಶಲ್ಯಗಳು, ಮುಂದಿನ ಸೀಟಿನಲ್ಲಿ ಪಿಳ್ಳಪ್ಪ ಮೇಷ್ಟ್ರು.

"ಅಣ್ಣಾ, ಡೀಸೆಲ್‌ಗೆ ಅಂತ ಒಂದು ಕಾರ್ಡ್ ಮಾಡಿಸೋಣ್ವಾ?" ಅಂದ ಡೋಲಿನವನು.

"ಮಾಡಿಸೋಣ. ಈಗ ತಾನೇ ಸಾಲ ತಗೊಂಡಿದೀವಿ, ಸ್ವಲ್ಪ ಕಂತು ಕಟ್ಟಿ ಉಸಿರು ತಗೊಳ್ಳೋಣ."

ಮೇಷ್ಟ್ರಿಗೆ ಮಾತ್ರ ಮಕ್ಕಳ ಹಾಗೆ ಹುರುಪು. ವ್ಯಾನಿನ ಮೀಟರಿನತ್ತ ಬಗ್ಗಿ ನೋಡಿದರು. "ಲೋ ಆಂಜಿ, ಇದರಲ್ಲಿ ನೂರನಲವತ್ತರ ತನಕ ಬರೆದಿದೆ. ನೀನೇನು ಐವತ್ತರಲ್ಲೇ ಹೋಗ್ತಿದೀಯ? ತುಳಿಯೋ, ತುಳಿ!"

"ಬರೆದಿದೆ ಅಂತ ತುಳಿಯೋದಾ ಮೇಷ್ಟ್ರೇ?" ಅಂದ ಆಂಜಿನಪ್ಪ.

ಮೇಷ್ಟ್ರು ಶಿಷ್ಯನ ಮುಖವನ್ನೇ ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ವ್ಯಾನ್ ಮುಹೂರ್ತಕ್ಕೆ ಮುಂಚೆಯೇ ತಲುಪಿತು, ಅವತ್ತಿನ ಗಟ್ಟಿಮೇಳ ಪಕ್ಕದ ಬೀದಿಗೂ ಕೇಳಿಸಿತಂತೆ.

ನೀತಿ: ಕಾರ್ಡಿನ ಲಿಮಿಟ್ ಎನ್ನುವುದು ನಮ್ಮ ಮೇಲಿಟ್ಟ ನಂಬಿಕೆ, ಖರ್ಚು ಮಾಡಲೇಬೇಕೆಂಬ ಅಪ್ಪಣೆಯಲ್ಲ. ಸ್ವಲ್ಪವೇ ಬಳಸಿ, ಪೂರ್ತಿ ಕಟ್ಟಿ, ಹೊಸ ಕಾರ್ಡನ್ನು ಉಡುಗೊರೆ ನೋಡಿ ಅಲ್ಲ, ಅಗತ್ಯ ನೋಡಿ ಕೇಳಿ. ಆಗ ನಿಮ್ಮ ಗಟ್ಟಿಮೇಳದ ಹೊತ್ತಿಗೆ ಉಸಿರು ಉಳಿದಿರುತ್ತದೆ.