ಅವರೆಕಾಯಿಗೆ ಸೊಗಡು ಬಂದ ಚಳಿ

ಮೊದಲೇ ಹೇಳಿಬಿಡುತ್ತೇನೆ ಮಕ್ಕಳೇ, ನನಗೆ ಕಥೆ ಹೇಳಲು ಸರಿಯಾಗಿ ಬರುವುದಿಲ್ಲ. ಇದು ನಾನು ಬರೆಯುತ್ತಿರುವ ಮೊದಲನೆಯ ಕಥೆ. ಅಂಚೆ ಕಚೇರಿಯಲ್ಲಿ ಮೂವತ್ತೆರಡು ವರ್ಷ ಕಾಗದ ವಿಂಗಡಿಸಿದವನು ನಾನು. ಒಂದು ಕಾಗದವೂ ತಪ್ಪು ಮನೆಗೆ ಹೋಗಬಾರದು ಎಂಬ ಭಯ ಆಗಲೂ ಇತ್ತು, ಈಗಲೂ ಇದೆ. ಅದಕ್ಕೇ ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳುತ್ತೇನೆ. ಬೇಸರವಾದರೆ ಕ್ಷಮಿಸಿ.

ಈ ಸಲ ನಮ್ಮ ಬೆಂಗಳೂರಿಗೆ ಚಳಿ ಬೇಗ ಬಂತು. ದೀಪಾವಳಿಯ ಹಣತೆಗಳನ್ನು ತೊಳೆದು ಎತ್ತಿಡುವುದರೊಳಗೇ ಬಂದುಬಿಟ್ಟಿತು. ಅಟ್ಟದಿಂದ ಸ್ವೆಟರ್ ಕೂಡ ಇಳಿಸಿರಲಿಲ್ಲ. ಮನೆಯಲ್ಲಿ ಎಲ್ಲರಿಗೂ ಮೂಗು ಸೋರುತ್ತಿದೆ, ಎಲ್ಲರಿಗೂ ಸುಸ್ತು. ಶಾಲೆಗೆ ರಜೆ ಹಾಕಿ ನನ್ನ ಶಾಲಿನೊಳಗೆ ತೂರಿಕೊಂಡಿದ್ದ ಮೊಮ್ಮಗಳು ಧಾತ್ರಿ, "ತಾತ, ಈ ಚಳಿ ನಮ್ಮೂರಿಗೇ ಯಾಕೆ ಬರುತ್ತೆ? ಅದಕ್ಕೆ ಬೇರೆ ಊರಿಲ್ವಾ?" ಎಂದಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಆಗ ಭೂಮಿ ಹೊಸದಾಗಿತ್ತು. ಎಷ್ಟು ಹೊಸದೆಂದರೆ, ಬಂಡೆಗಳು ಇನ್ನೂ ಸರಿಯಾಗಿ ಗಟ್ಟಿಯಾಗಿರಲಿಲ್ಲ, ಕೆರೆಗಳಿಗೆ ಯಾರೂ ಹೆಸರಿಟ್ಟಿರಲಿಲ್ಲ. ಆಗ ಎಲ್ಲವೂ ಮಾತಾಡುತ್ತಿದ್ದವು. ಗಾಳಿ ಮಾತಾಡುತ್ತಿತ್ತು, ಕೆರೆ ಮಾತಾಡುತ್ತಿತ್ತು, ಗಿಡ ಮಾತಾಡುತ್ತಿತ್ತು. ಚಳಿಯೂ ಮಾತಾಡುತ್ತಿದ್ದಳು. ಚಳಿ ಎಂದರೆ ಒಬ್ಬಳು ಮುದುಕಿ. ಅವಳನ್ನು ಎಲ್ಲರೂ ಚಳಿಯಮ್ಮ ಎನ್ನುತ್ತಿದ್ದರು.

ಈಗ ಬೆಂಗಳೂರು ಇರುವ ಜಾಗದಲ್ಲಿ ಆಗ ಒಂದು ಎತ್ತರದ ಬಯಲಿತ್ತು. ಒಂದು ಕೆರೆ, ಕೆರೆಯ ಪಕ್ಕ ಒಂದು ಗುಡಿಸಲು, ಗುಡಿಸಲಿನ ಮುಂದೆ ಒಂದು ಹೊಲ. ಅಷ್ಟೇ. ಅಲ್ಲಿಗೆ ಬಿಸಿಲು ಬರುತ್ತಿತ್ತು, ಸ್ವಲ್ಪ ಕೂತು ಹೋಗುತ್ತಿತ್ತು. ಮಳೆ ಬರುತ್ತಿತ್ತು, ಸ್ವಲ್ಪ ಕೂತು ಹೋಗುತ್ತಿತ್ತು. ಚಳಿಯಮ್ಮ ಮಾತ್ರ ಕೂರುತ್ತಲೂ ಇರಲಿಲ್ಲ. ಪುಷ್ಯ ಮಾಸದಲ್ಲಿ ಎರಡು ದಿನ ಇಣುಕಿ ನೋಡಿ ಹೋಗಿಬಿಡುತ್ತಿದ್ದಳು. ಹಾಗಾಗಿ ಆ ಬಯಲಿನಲ್ಲಿ ಯಾರ ಹತ್ತಿರವೂ ಕಂಬಳಿ ಇರಲಿಲ್ಲ. ನೇಯಲು ಬರುತ್ತಿರಲಿಲ್ಲ ಅಂತಲ್ಲ, ಬೇಕಾಗಿರಲಿಲ್ಲ.

ಗುಡಿಸಲಿನಲ್ಲಿ ಅಕ್ಕಯಮ್ಮ ಮತ್ತು ಅವಳ ಗಂಡ ಪಿಳ್ಳಪ್ಪ ಇದ್ದರು. ಹೊಲದಲ್ಲಿ ರಾಗಿ ಮತ್ತು ಅವರೆ ಇದ್ದವು. ಆರು ಸಾಲು ರಾಗಿ ಬಿತ್ತಿದರೆ ಒಂದು ಸಾಲು ಅವರೆ, ಮತ್ತೆ ಆರು ಸಾಲು ರಾಗಿ, ಮತ್ತೆ ಒಂದು ಸಾಲು ಅವರೆ. ಇದನ್ನು ಅಕ್ಕಡಿ ಸಾಲು ಎನ್ನುತ್ತಾರೆ. ರಾಗಿ ಬೇಗ ಬಲಿಯುತ್ತದೆ, ಅವರೆ ನಿಧಾನ. ರಾಗಿ ನಿಂತಿರುವಷ್ಟು ದಿನ ಅವರೆಗೆ ಸುತ್ತಲೂ ಗೋಡೆ ಕಟ್ಟಿದ ಹಾಗೆ. ಗಾಳಿ ತಾಗುವುದಿಲ್ಲ, ಬಿಸಿಲು ಸುಡುವುದಿಲ್ಲ. ರಾಗಿಯನ್ನು ಅವರೆ "ಅಕ್ಕಾ" ಎಂದು ಕರೆಯುತ್ತಿದ್ದಳು.

ಆ ವರ್ಷ ಕಾರ್ತಿಕದಲ್ಲಿ ಒಂದು ಕಪ್ಪು ಮೋಡ ಬಂತು. ಪಿಳ್ಳಪ್ಪನಿಗೆ ದಿಗಿಲಾಯಿತು. ಬಲಿತ ತೆನೆ ನೆನೆದರೆ ಮೊಳಕೆ ಬಂದುಬಿಡುತ್ತದೆ. ಕುಡುಗೋಲು ತೆಗೆದುಕೊಂಡು ಅವಸರ ಅವಸರವಾಗಿ ಕೊಯ್ದ. ನೆಲಕ್ಕೆ ಸಮನಾಗಿ ಕೊಯ್ದ. ಒಂದು ಕಡ್ಡಿಯನ್ನೂ ಬಿಡದೆ ಹುಲ್ಲನ್ನೆಲ್ಲ ಹೊತ್ತು ತಂದು ಗುಡಿಸಲಿನ ಪಕ್ಕ ಮೆದೆ ಒಟ್ಟಿದ.

ಮೋಡ ಹಾಗೇ ಹೋಯಿತು. ಒಂದು ಹನಿಯೂ ಬೀಳಲಿಲ್ಲ.

"ಅಷ್ಟು ಅವಸರ ಏನಿತ್ತು?" ಎಂದಳು ಅಕ್ಕಯಮ್ಮ. "ಅವರೆ ನೋಡು, ಒಂಟಿಯಾಗಿ ನಿಂತವಳೆ."

"ಒಂಟಿಯಾಗಿ ನಿಂತ್ರೆ ಏನಾತದೆ? ಬಿಸ್ಲು ಚೆನ್ನಾಗಿ ಬೀಳ್ತದೆ, ಸುಮ್ಕಿರಮ್ಮಿ," ಎಂದ ಪಿಳ್ಳಪ್ಪ.

ಅವತ್ತೇ ಮಧ್ಯಾಹ್ನ ಗಾಳಿ ಏದುಸಿರು ಬಿಡುತ್ತ ಓಡಿಬಂತು. "ಚಳಿಯಮ್ಮ ಹೊರಟವ್ಳೆ! ನಾಳೆ ಬೆಳಗಿನ ಜಾವಕ್ಕೆ ಇಲ್ಲಿರ್ತಾಳೆ!"

"ಸುಳ್ಳು ಹೇಳ್ಬೇಡ. ಇದು ಕಾರ್ತಿಕ. ಅವಳು ಬರೋದು ಪುಷ್ಯದಾಗೆ," ಎಂದ ಪಿಳ್ಳಪ್ಪ.

"ನಾನ್ಯಾಕೆ ಸುಳ್ಳು ಹೇಳ್ಲಿ? ಬಡಗಲ ಬೆಟ್ಟದಿಂದ ಅವಳನ್ನ ಎಳ್ಕೊಂಡು ಬರ್ತಿರೋನು ನಾನೇ. ನನಗೂ ಸಾಕಾಗಿದೆ," ಎಂದು ಗಾಳಿ ಅಲ್ಲೇ ಕುಸಿದು ಕೂತಿತು.

ಈಗ ಅವರೆಯ ಕಷ್ಟ ಏನೆಂದು ಹೇಳಬೇಕು. ಅವಳ ಮೈತುಂಬ ಎಳೆಕಾಯಿ. ಒಂದೊಂದು ಕಾಯಿಯೊಳಗೆ ನಾಲ್ಕು ನಾಲ್ಕು ಕಾಳು, ಎಲ್ಲವೂ ಅವಳ ಮಕ್ಕಳು. ಕಾಯಿಯ ಸಿಪ್ಪೆ ಬಾಳೆಯ ಸುಳಿಯಷ್ಟು ತೆಳು. ಚಳಿಯಮ್ಮ ಒಳಗೆ ಕಾಲಿಟ್ಟರೆ ಒಂದು ಮಗುವೂ ಉಳಿಯುವುದಿಲ್ಲ. ಮುಂದಿನ ವರ್ಷ ಬಿತ್ತಲು ಬೀಜವೂ ಇರುವುದಿಲ್ಲ. ಅಂದರೆ ಭೂಮಿಯ ಮೇಲೆ ಅವರೆಯೇ ಇಲ್ಲದ ಹಾಗಾಗುತ್ತದೆ. ಯಾಕೆಂದರೆ ಆಗ ಅವರೆ ಇದ್ದದ್ದು ಆ ಒಂದೇ ಹೊಲದಲ್ಲಿ.

ಅವರೆ ಮೆದೆಯ ಕಡೆ ತಿರುಗಿ ಕೂಗಿದಳು. "ರಾಗಿ ಅಕ್ಕಾ, ಒಂದು ಗಳಿಗೆ ಬಂದು ನಿಂತ್ಕೊತೀಯಾ?"

"ಹೆಂಗೆ ನಿಂತ್ಕೊಳ್ಳಲಿ ತಂಗಿ? ಬುಡವೇ ಇಲ್ಲ ನನಗೆ. ಮಲಗಿಸಿಬಿಟ್ಟವ್ರೆ," ಎಂದಳು ರಾಗಿ. "ಮೂರು ತಿಂಗಳು ನಿಂತು ನಿಂತು ನನಗೂ ಸಾಕಾಗಿದೆ."

ಮುಳುಗುತ್ತಿದ್ದ ಸೂರ್ಯನನ್ನು ಕೇಳಿದಳು. "ಸೂರ್ಯಪ್ಪ, ನಾಳೆ ಒಂದು ದಿನ ಬೇಗ ಎದ್ದು ಬರ್ತೀಯಾ?"

"ಈ ಕಾಲದಲ್ಲಿ ನನಗೆ ಎಚ್ಚರವೇ ಆಗಲ್ಲ ಮಗಳೇ," ಎಂದು ಸೂರ್ಯ ಆಕಳಿಸಿದ. "ಬೇಸಿಗೆಯೆಲ್ಲ ದುಡಿದಿದ್ದೀನಿ. ನನಗೂ ಸಾಕಾಗಿದೆ."

ಕೆರೆಯನ್ನು ಕೇಳಿದಳು. ಕೆರೆ ಪಾಪ ಒಳ್ಳೆಯದು. "ನನ್ನ ಹತ್ತಿರ ಬೆಚ್ಚಗಿರೋದು ಉಸಿರು ಒಂದೇ. ತಗೋ," ಎಂದು ಉಸಿರು ಬಿಟ್ಟಿತು. ಅದು ಮಂಜಾಗಿ ಹೊಲದ ಮೇಲೆ ಬಂದು ಕೂತಿತು. ಅದರಿಂದ ಅವರೆಯ ಮೈ ಇನ್ನಷ್ಟು ಒದ್ದೆಯಾಯಿತು. ಒದ್ದೆ ಮೈಗೆ ಚಳಿ ಜಾಸ್ತಿ ಎಂದು ನಿಮಗೆ ಗೊತ್ತೇ ಇದೆ, ಸ್ನಾನ ಮಾಡಿ ಟವೆಲ್ ಹುಡುಕುವಾಗ ಆಗುತ್ತದಲ್ಲ, ಹಾಗೆ.

ಅಕ್ಕಯಮ್ಮ ಮತ್ತು ಪಿಳ್ಳಪ್ಪ ಏನು ಮಾಡಿದರು? ಅವರೂ ನಡುಗುತ್ತಿದ್ದರು. ಮೆದೆಯಿಂದ ಹುಲ್ಲು ಎಳೆದುಕೊಂಡು, ಅದನ್ನೇ ಹೊದ್ದು ಮಲಗಿದರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ. ಅವರಿಗೆ ಚಳಿ ಅಭ್ಯಾಸವಿರಲಿಲ್ಲ.

ಬೆಳಗಿನ ಜಾವ ಚಳಿಯಮ್ಮ ಬಂದಳು. ಬಿಳೀ ಸೀರೆ, ಒಡೆದ ಹಿಮ್ಮಡಿ, ಕೈಯಲ್ಲೊಂದು ಕೋಲು. ಅವಳು ಓಡಿಬರುತ್ತಾಳೆ, ಮೇಲೆ ಬೀಳುತ್ತಾಳೆ ಎಂದು ಅವರೆ ಅಂದುಕೊಂಡಿದ್ದಳು. ಆದರೆ ಮುದುಕಿ ಕುಂಟುತ್ತಿದ್ದಳು.

"ಯಾಕಜ್ಜಿ ಇಷ್ಟು ಬೇಗ ಬಂದೆ?" ಎಂದು ಅವರೆ ನಡುಗುತ್ತಲೇ ಕೇಳಿದಳು.

"ಬೇಗ ಹೊರಟರೆ ಬೇಗ ಮುಗಿಸಿ ಮನೆ ಸೇರಬಹುದು ಅಂತ ಕಣವ್ವ," ಎಂದಳು ಚಳಿಯಮ್ಮ. "ವರ್ಷ ವರ್ಷ ಊರೂರು ತಿರುಗಬೇಕು. ಎಲ್ಲೂ ಕೂರೋಕೆ ಬಿಡಲ್ಲ. ಕೂತರೆ ನಾಯಿ ಮೈ ಒದರುತ್ತೆ. ಮರ ಎಲೆ ಒದರುತ್ತೆ. ಮನುಷ್ಯರಂತೂ ನನ್ನ ಮುಖಕ್ಕೇ ಬೆಂಕಿ ಹಚ್ಚುತಾರೆ. ನನಗೂ ಸಾಕಾಗಿದೆ."

ಅವರೆ ಯೋಚಿಸಿದಳು. ಓಡಲು ಅವಳಿಗೆ ಕಾಲಿಲ್ಲ. ಬೈದರೆ ಮುದುಕಿ ಒಳಗೆ ನುಗ್ಗಬಹುದು.

"ಅಜ್ಜಿ, ನನ್ನ ಕಾಯಿ ಮೇಲೆ ಕೂತ್ಕೋ," ಎಂದಳು. "ನಾನು ಒದರಲ್ಲ. ಆದರೆ ಒಳಗೆ ಮಾತ್ರ ಬರಬೇಡ. ಮಕ್ಕಳು ಮಲಗವೆ."

ಚಳಿಯಮ್ಮ ಅವಳನ್ನೇ ನೋಡಿದಳು. "ಕೂತ್ಕೋ ಅಂತ ನನಗೆ ಯಾರೂ ಹೇಳಿರಲಿಲ್ಲ ತಾಯಿ. ನನಗೆ ಒಳಗೆ ಬರೋ ಆಸೆ ಏನಿಲ್ಲ. ಆದರೆ ನಿದ್ದೆ ಹತ್ತಿದರೆ ಜಾರಿಬಿಡ್ತೀನಿ. ನಿನ್ನ ಸಿಪ್ಪೆ ನೋಡು, ಬಾಗಿಲಿಲ್ಲದ ಮನೆ ಇದ್ದ ಹಾಗಿದೆ. ಬಾಗಿಲು ಹಾಕ್ಕೋ. ಆಮೇಲೆ ಕೂರ್ತೀನಿ."

"ಎಷ್ಟು ಹೊತ್ತು ಕಾಯ್ತೀಯ?"

"ನನ್ನ ಕಾಲು ನಿಂತಿರೋವಷ್ಟು ಹೊತ್ತು."

ಬಾಗಿಲನ್ನು ಎಲ್ಲಿಂದ ತರುವುದು? ಅವರೆಯ ಹತ್ತಿರ ತೊಗಟೆ ಇಲ್ಲ, ಮುಳ್ಳಿಲ್ಲ. ಅವಳು ಕಣ್ಣು ಮುಚ್ಚಿದಳು. ಬೇರಿನಲ್ಲಿದ್ದ ಶಕ್ತಿ, ಎಲೆಯಲ್ಲಿದ್ದ ಶಕ್ತಿ, ಹೂವಿಗೆಂದು ಎತ್ತಿಟ್ಟಿದ್ದ ಶಕ್ತಿ, ಎಲ್ಲವನ್ನೂ ಹಿಂಡಿ ಹಿಂಡಿ ಹೊರಗೆ ತಂದಳು. ಅದು ಎಣ್ಣೆಯ ಹಾಗೆ ಕಾಯಿಯ ಸಿಪ್ಪೆಯ ಮೇಲೆ ಜಿನುಗಿತು. ಅಂಟಂಟಾದ ಎಣ್ಣೆ. ತೊಟ್ಟಿನ ಹತ್ತಿರದ ಮೊದಲ ಕಾಳಿನ ಮೇಲೆ ಹರಡಿತು. ಎರಡನೆಯದರ ಮೇಲೆ ಹರಡಿತು. ಮೂರನೆಯದರ ಮೇಲೂ ಹರಡಿತು.

ಅಲ್ಲಿಗೆ ಅವಳ ಶಕ್ತಿ ಮುಗಿಯಿತು.

"ಇನ್ನೊಂದಿದೆಯಲ್ಲವ್ವ, ತುದಿಯಲ್ಲಿ," ಎಂದಳು ಚಳಿಯಮ್ಮ. ಮೈಭಾರವನ್ನೆಲ್ಲ ಕೋಲಿನ ಮೇಲೆ ಹಾಕಿದ್ದಳು.

"ಗೊತ್ತು ಅಜ್ಜಿ."

"ನಾನಿನ್ನು ನಿಂತಿರಲಾರೆ."

"ಗೊತ್ತು. ಕೂತ್ಕೋ. ಹುಷಾರಾಗಿ ಕೂತ್ಕೋ."

ಚಳಿಯಮ್ಮ ಕೂತಳು. ಆದಷ್ಟು ತೊಟ್ಟಿನ ಕಡೆಗೇ ಮುದುಡಿಕೊಂಡು ಕೂತಳು. ಎಣ್ಣೆಗೆ ಅವಳ ಸೀರೆ ಅಂಟಿಕೊಂಡಿತು, ಹಾಗಾಗಿ ಅವಳು ಒಳಗೆ ಜಾರಲಿಲ್ಲ. ಕೂತ ತಕ್ಷಣ ನಿದ್ದೆ ಹೋದಳು. ಎಷ್ಟೋ ಕಾಲದಿಂದ ನಿದ್ದೆ ಮಾಡಿರದ ಮುದುಕಿ ಅವಳು. ಅವಳ ಉಸಿರು ಇಬ್ಬನಿಯಾಗಿ ಒಂದೊಂದು ಕಾಯಿಯ ಮೇಲೂ ಹನಿ ಹನಿಯಾಗಿ ನಿಂತಿತು. ಆ ಇಬ್ಬನಿ ಅವರೆಯ ಎಣ್ಣೆಯೊಳಗೆ ಬೆರೆತಾಗ ಒಂದು ಘಮ ಎದ್ದಿತು. ಅದುವರೆಗೂ ಭೂಮಿಯ ಮೇಲೆ ಇಲ್ಲದ ಘಮ. ಹೂವಿನದಲ್ಲ, ಮಣ್ಣಿನದಲ್ಲ. ತುಪ್ಪ ಮತ್ತು ಹಸಿ ಸೊಪ್ಪು ಎರಡೂ ಸೇರಿದ ಹಾಗೆ ಎನ್ನಬಹುದು, ಆದರೆ ಅದೂ ಸರಿಯಲ್ಲ.

ಸೂರ್ಯ ತಡವಾಗಿಯೇ ಎದ್ದ. ಚಳಿಯಮ್ಮ ಎಚ್ಚರಗೊಂಡು, ಸದ್ದು ಮಾಡದೆ ಇಳಿದು ಹೋದಳು.

ಅಕ್ಕಯಮ್ಮ ಹುಲ್ಲು ಕೊಡವಿಕೊಂಡು ಹೊಲಕ್ಕೆ ಓಡಿಬಂದಳು. ಹೂವೆಲ್ಲ ಕಪ್ಪಾಗಿ ಬಾಡಿದ್ದವು. ಎಲ್ಲ ಹೋಯಿತು ಎಂದುಕೊಂಡು ಒಂದು ಕಾಯಿ ಮುಟ್ಟಿದಳು. ಕೈಗೆ ಅಂಟಿತು. ಮೂಸಿ ನೋಡಿದಳು.

"ಏ, ಬಾ ಇಲ್ಲಿ! ನನ್ನ ಕೈ ಮೂಸು!"

"ಬೆಳಗ್ಗೆ ಎದ್ದು ನಿನ್ನ ಕೈ ಯಾಕೆ ಮೂಸ್ಲಿ ನಾನು? ಮೊದ್ಲು ಒಲೆ ಹಚ್ಚು, ಮೂಗೇ ಬಿದ್ದೋಗೈತೆ," ಎಂದ ಪಿಳ್ಳಪ್ಪ.

"ಬಿದ್ದೋಗಿರೋ ಮೂಗು ಎದ್ದು ಬತ್ತದೆ, ಬಾ!"

ಬಂದ. ಮೂಸಿದ. ಇನ್ನೊಂದು ಸಲ ಮೂಸಿದ. ಅಕ್ಕಯಮ್ಮ ಕಾಯಿ ಬಿಡಿಸಿದಳು. ಮೂರು ಕಾಳು ಹಸಿರಾಗಿ, ದುಂಡಗೆ ಉಸಿರಾಡುತ್ತಿದ್ದವು. ತುದಿಯ ಕಾಳು ಸೊರಗಿ ಸಿಪ್ಪೆಗೆ ಅಂಟಿಕೊಂಡಿತ್ತು. ಇನ್ನೊಂದು ಕಾಯಿ ಬಿಡಿಸಿದಳು. ಅದರಲ್ಲೂ ಹಾಗೇ.

ಗೋಡೆಯಂತಿದ್ದ ರಾಗಿಯನ್ನು ನೆಲಕ್ಕೆ ಸಮನಾಗಿ ಕೊಯ್ದುಹಾಕಿದವನು ತಾನೇ ಎಂದು ಪಿಳ್ಳಪ್ಪನಿಗೆ ಆಗ ಅರ್ಥವಾಯಿತು. ಅವನು ಅವರೆಯ ಮುಂದೆ ಕುಕ್ಕರುಗಾಲಲ್ಲಿ ಕೂತ. "ತಪ್ಪಾಯ್ತು ಕಣವ್ವ," ಎಂದ.

ಅವರೆ ಎಲೆ ಇಳಿಬಿಟ್ಟು ನಿಂತಿದ್ದಳು. ಕೋಪದಿಂದ ಅಲ್ಲ. ಅವಳಿಗೆ ಅಷ್ಟು ಸುಸ್ತಾಗಿತ್ತು.

ಪಿಳ್ಳಪ್ಪ ಮೆದೆಯಿಂದ ಹುಲ್ಲು ತಂದು ಅವರೆಯ ಸಾಲಿನ ಬುಡಕ್ಕೆಲ್ಲ ಹೊದಿಸಿದ. ಮಾರನೆಯ ವರ್ಷದಿಂದ ರಾಗಿ ಕೊಯ್ಯುವಾಗ ಮೊಣಕಾಲುದ್ದ ಕೂಳೆ ಬಿಟ್ಟು ಕೊಯ್ದ. ಕೂಳೆ ಎಂದರೆ ಕೊಯ್ದ ಮೇಲೆ ನೆಲದಲ್ಲಿ ಉಳಿಯುವ ಮೋಟು ಕಡ್ಡಿ. ಚಳಿಯಮ್ಮನೂ ಅವರೆಯ ಕರೆಯನ್ನು ಮರೆಯಲಿಲ್ಲ. ಪ್ರತಿ ವರ್ಷ ಬಂದಳು. ಕೆಲವು ವರ್ಷ ಬೇಗ ಬಂದಳು, ಕೆಲವು ವರ್ಷ ತಡವಾಗಿ. ಬಂದಾಗ ಮೊದಲು ಅವರೆಯ ಮೇಲೆ ಕೂತು ಒಂದು ನಿದ್ದೆ ಮಾಡಿ, ಆಮೇಲೆ ಊರೊಳಗೆ ನಡೆದಳು.

ಅದಕ್ಕೇ ಮಕ್ಕಳೇ, ಚಳಿ ಬೀಳುವವರೆಗೂ ಅವರೆಕಾಯಿಗೆ ಸೊಗಡು ಬರುವುದಿಲ್ಲ, ಚಳಿ ಬಿದ್ದ ಮೇಲೆ ಮಾರುಕಟ್ಟೆಯ ಬೀದಿಗೆ ಕಾಲಿಟ್ಟರೇ ಗೊತ್ತಾಗುತ್ತದೆ, ಬಿಡಿಸಿದ ಕೈಯನ್ನು ಎಷ್ಟು ತೊಳೆದರೂ ಆ ಅಂಟು, ಆ ಘಮ ಸಂಜೆಯವರೆಗೂ ಹೋಗುವುದಿಲ್ಲ. ಇವತ್ತು ನಿಮ್ಮ ಮನೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದರೆ ಹೋಗಿ ನೋಡಿ, ಎಷ್ಟೋ ಕಾಯಿಗಳ ತುದಿಯಲ್ಲಿ ಒಂದು ಕಾಳು ಬೆಳೆಯದೆ, ಉಗುರಿನಷ್ಟೇ ಉಳಿದಿರುತ್ತದೆ. ದೊಡ್ಡವರು ಅದನ್ನು ಸಿಪ್ಪೆಯ ಜೊತೆ ಎಸೆಯುತ್ತಾರೆ. ಧಾತ್ರಿ ಎಸೆಯಲಿಲ್ಲ. ಅಂಗೈಯಲ್ಲಿಟ್ಟುಕೊಂಡು, "ಇದಕ್ಕೆ ತುಂಬಾ ಚಳಿ ಆಯ್ತಾ ತಾತ?" ಎಂದು ಕೇಳಿದಳು. ಇದಕ್ಕೆ ನಾನು ಏನು ಹೇಳಿದೆ ಎಂಬುದನ್ನು ಸರಿಯಾಗಿ ವಿವರಿಸಬೇಕು, ಇಲ್ಲದಿದ್ದರೆ ನೀವು ತಪ್ಪು ತಿಳಿಯುತ್ತೀರಿ. ಆ ಕಾಳನ್ನು ಅವರೆ ಮರೆತಳು ಅಂತಲ್ಲ. ಚಳಿಯಮ್ಮ ಕೂತ ಮೇಲೂ ಅವಳು ನಿದ್ದೆ ಮಾಡಲಿಲ್ಲ, ಬೆಳಗಾಗುವವರೆಗೂ ಆ ತುದಿಯನ್ನೇ ಬಳ್ಳಿಯ ಕಡೆಗೆ ಬಗ್ಗಿಸಿಕೊಂಡು, ಕಾಯಿ ಈಗಲೂ ಕೊಕ್ಕೆಯ ಹಾಗೆ ಬಾಗಿರುವುದು ನೋಡಿ, ಅದು ಯಾಕೆಂದರೆ, ಅವಳು ಆ ಮಗುವನ್ನು ಎದೆಗೆ...

"ರೀ, ನೀರು ಕಾದಿದೆ, ಆರಿ ಹೋಗುತ್ತೆ, ಬರ್ತೀರೋ ಇಲ್ವೋ?" ಎಂದು ನಮ್ಮ ಮನೆಯವರು ಕರೆಯುತ್ತಿದ್ದಾರೆ.

ಬಂದೆ.